ಶಾರ್ಕ್ ಹಲ್ಲು ನಮ್ಮ ಹೊಳೆಯಲ್ಲಿ ಯಾಕೆ ಸಿಗಲ್ಲ?

ಅಮೆರಿಕದ ಸೌತ್ ಕೆರೊಲಿನಾದಲ್ಲಿ ಕೂಪರ್ ಅಂತ ಒಂದು ನದಿ ಇದೆ. ಅದರ ನೀರು ಚಹಾದ ಡಿಕಾಕ್ಷನ್ ಬಣ್ಣದ್ದು. ತಳಕ್ಕೆ ಹೋದರೆ ಪೂರ್ತಿ ಕತ್ತಲೆ. ಆದರೂ ಜನ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ಟಾರ್ಚ್ ಹಿಡಿದು ಅಲ್ಲಿಗೆ ಇಳಿಯುತ್ತಾರೆ. ಅವರು ಜಲ್ಲಿ ಕೆದಕಿ ಹುಡುಕುವುದು ಕಲ್ಲಾಗಿ ಹೋದ ಶಾರ್ಕ್ ಹಲ್ಲುಗಳನ್ನು. ಸುಮಾರು 36 ಲಕ್ಷ ವರ್ಷಗಳ ಹಿಂದೆ ಅಳಿದುಹೋದ ಮೆಗಲೊಡಾನ್ ಎಂಬ ದೈತ್ಯ ಶಾರ್ಕಿನ ಹಲ್ಲು ಸಿಕ್ಕರಂತೂ ಹಬ್ಬ. ದೊಡ್ಡವು ನಮ್ಮ ಅಂಗೈಯಷ್ಟು ಇರುತ್ತವೆ.

ಇಂಥ ವಿಡಿಯೊಗಳು ಈಗ ನಮ್ಮ ಫೋನುಗಳಿಗೂ ಬರುತ್ತವೆ. ನೋಡಿದವರಿಗೆ ಸಹಜವಾಗಿ ಒಂದು ಪ್ರಶ್ನೆ ಏಳುತ್ತದೆ: ಹೊನ್ನಾಳಿ ಹತ್ತಿರ ತುಂಗಭದ್ರೆಯಲ್ಲಿ ಮುಳುಗಿದರೆ ನಮಗೂ ಸಿಗಬಹುದಾ? ಸಿಗಲ್ಲ. ಯಾಕೆ ಸಿಗಲ್ಲ ಅನ್ನುವುದರಲ್ಲೇ ನಮ್ಮ ನೆಲದ ಚರಿತ್ರೆ ಇದೆ.

ಮೊದಲು ಹಲ್ಲಿನ ವಿಷಯ. ಶಾರ್ಕಿನ ಮೈಯಲ್ಲಿರುವುದು ಗಟ್ಟಿ ಮೂಳೆಯಲ್ಲ, ನಮ್ಮ ಕಿವಿಯಲ್ಲಿ ಇರುವಂಥ ಮೆದುಮೂಳೆ. ಸತ್ತ ಮೇಲೆ ಅದು ಬೇಗ ಕರಗಿಹೋಗುತ್ತದೆ. ಹಲ್ಲು ಮಾತ್ರ ಗಟ್ಟಿ. ಒಂದು ಶಾರ್ಕಿಗೆ ಜೀವಮಾನದಲ್ಲಿ ಸಾವಿರಾರು ಹಲ್ಲು ಉದುರಿ ಮತ್ತೆ ಬರುತ್ತವೆ. ಸಮುದ್ರದ ಕೆಸರಿನಲ್ಲಿ ಹೂತ ಹಲ್ಲಿಗೆ ಖನಿಜಗಳು ಸೇರಿ ಅದು ಕಲ್ಲಾಗುತ್ತದೆ. ಕೂಪರ್ ನದಿ ಹಳೆಯ ಸಮುದ್ರದ ಪದರಗಳನ್ನು ಕೊರೆದು ಹರಿಯುತ್ತದೆ. ಅದಕ್ಕೇ ಅಲ್ಲಿ ನದಿಯ ತಳದಲ್ಲಿ ಸಮುದ್ರದ ಹಲ್ಲು ಸಿಗುತ್ತದೆ.

ಹಿಂದೆ ಯೂರೋಪಿನ ಜನರಿಗೆ ಇದು ಗೊತ್ತಿರಲಿಲ್ಲ. ಬೆಟ್ಟದಲ್ಲಿ ಸಿಗುತ್ತಿದ್ದ ಈ ಚೂಪು ಕಲ್ಲುಗಳನ್ನು ಅವರು 'ನಾಲಿಗೆ ಕಲ್ಲು' ಎಂದು ಕರೆಯುತ್ತಿದ್ದರು. ಹಾವಿನ ನಾಲಿಗೆ ಕಲ್ಲಾಗಿದೆ ಎಂದು ನಂಬಿ, ವಿಷ ತಟ್ಟದಿರಲಿ ಎಂದು ತಾಯಿತದ ಹಾಗೆ ಧರಿಸುತ್ತಿದ್ದರು. 1666ರಲ್ಲಿ ಇಟಲಿಯ ಲಿವೋರ್ನೋ ಬಳಿ ಮೀನುಗಾರರು ಒಂದು ದೊಡ್ಡ ಶಾರ್ಕ್ ಹಿಡಿದರು. ಅದರ ತಲೆಯನ್ನು ಫ್ಲಾರೆನ್ಸ್ ನಗರದಲ್ಲಿ ಕೊಯ್ದು ನೋಡಿದವರು ನಿಕೊಲಾಸ್ ಸ್ಟೆನೊ ಎಂಬ ವೈದ್ಯ. ಅದರ ಬಾಯಲ್ಲಿದ್ದ ಹಲ್ಲಿಗೂ ನಾಲಿಗೆ ಕಲ್ಲಿಗೂ ಆಕಾರ ಒಂದೇ. ಹಾಗಾದರೆ ಸಮುದ್ರದ ಹಲ್ಲು ಬೆಟ್ಟದ ಕಲ್ಲಿನೊಳಗೆ ಹೋಗಿದ್ದು ಹೇಗೆ? ಈ ಪ್ರಶ್ನೆ ಹಿಡಿದು ಹೊರಟ ಸ್ಟೆನೊ 1669ರಲ್ಲಿ ಒಂದು ಸರಳ ನಿಯಮ ಹೇಳಿದರು: ಕಲ್ಲಿನ ಪದರಗಳು ಒಂದರ ಮೇಲೊಂದು ಕೂರುತ್ತವೆ, ಕೆಳಗಿನದು ಹಳೆಯದು, ಮೇಲಿನದು ಹೊಸದು. ನೆಲವನ್ನು ಪುಸ್ತಕದ ಹಾಗೆ ಓದುವುದನ್ನು ಜನ ಹೀಗೆ ಕಲಿತರು.

1943ರಲ್ಲಿ ಫ್ರಾನ್ಸಿನ ಕೂಸ್ಟೊ ಮತ್ತು ಗಾನ್ಯಾ ನೀರಿನೊಳಗೆ ಉಸಿರಾಡುವ ಸಾಧನ ರೂಪಿಸಿದ ಮೇಲೆ, ಈ ಪುಸ್ತಕದ ಮುಳುಗಿದ ಪುಟಗಳೂ ಮಾಮೂಲಿ ಜನರ ಕೈಗೆ ಸಿಕ್ಕವು. ನಮ್ಮ ರಾಜ್ಯದಲ್ಲಿ ಸ್ಕೂಬಾ ಎಂದರೆ ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪ. ಅಲ್ಲಿ ಮುಳುಗುವವರು ಹೋಗುವುದು ಜೀವಂತ ಮೀನು ನೋಡಲು. ಕಲ್ಲಾದ ಶಾರ್ಕ್ ಹಲ್ಲು ಬೇಕಾದರೆ ತಮಿಳುನಾಡಿನ ಅರಿಯಲೂರು ಸೀಮೆಗೋ ಒಡಿಶಾದ ಬಾರಿಪದಕ್ಕೋ ಹೋಗಬೇಕು. ಅಲ್ಲಿ ಮುಳುಗುವುದೂ ಬೇಡ. ಹಳೆಯ ಸಮುದ್ರದ ಪದರ ಈಗ ಒಣನೆಲ.

ಈಗ ಸ್ಟೆನೊ ಕಲಿಸಿದ ಹಾಗೆ ನಮ್ಮ ಸೀಮೆಯನ್ನೇ ಓದೋಣ. ಭೂವಿಜ್ಞಾನಿಗಳು ಶಿವಮೊಗ್ಗ ಶಿಲಾಪಟ್ಟಿ ಎಂದು ಕರೆಯುವ ಕಲ್ಲುಗಳು ನಮ್ಮ ಸುತ್ತ ಹಾದುಹೋಗಿವೆ. ಇವುಗಳ ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. ಶಾರ್ಕ್ ಜಾತಿ ಭೂಮಿಗೆ ಬಂದು 40 ಕೋಟಿ ವರ್ಷದ ಆಸುಪಾಸು. ಅಂದರೆ ನಮ್ಮ ಕಲ್ಲು ಹುಟ್ಟಿದಾಗ ಶಾರ್ಕ್ ಇರಲಿಲ್ಲ, ಮೀನಿರಲಿಲ್ಲ, ಹಲ್ಲಿರುವ ಯಾವ ಪ್ರಾಣಿಯೂ ಇರಲಿಲ್ಲ.

ಆದರೆ ಸಮುದ್ರ ಇತ್ತು. ಅದಕ್ಕೆ ಸಾಕ್ಷಿ ಪಕ್ಕದಲ್ಲೇ ಇದೆ. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಟ್ಟಿದ ಹಾಗೆ ಕಾಣುವ ಕಲ್ಲುಗಳಿವೆ. ಕುದಿಯುವ ಲಾವಾ ನೀರಿನೊಳಗೆ ಉಕ್ಕಿ ತಣ್ಣಗಾದರೆ ಮಾತ್ರ ಕಲ್ಲಿಗೆ ಆ ಆಕಾರ ಬರುತ್ತದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅದನ್ನು ರಾಷ್ಟ್ರೀಯ ಭೂಸ್ಮಾರಕ ಎಂದು ಸಾರಿದೆ. ಇನ್ನು ಶಿವಮೊಗ್ಗದ ಕುಂಸಿ ಕಡೆಯ ಸುಣ್ಣದ ಅಂಶವಿರುವ ಕಲ್ಲುಗಳಲ್ಲಿ ಸ್ಟ್ರೊಮಾಟೊಲೈಟ್ ಎಂಬ ಪಳೆಯುಳಿಕೆ ಸಿಕ್ಕಿದೆ. ಎಲೆಕೋಸನ್ನು ಅಡ್ಡ ಕೊಯ್ದಾಗ ಕಾಣುವಂಥ ಸುತ್ತುಸುತ್ತು ಪದರ ಅದು. ಆಳವಿಲ್ಲದ ನೀರಿನಲ್ಲಿ ಪಾಚಿಯ ಹಾಗೆ ಹಬ್ಬಿದ್ದ ಕಣ್ಣಿಗೆ ಕಾಣದ ಜೀವಿಗಳು ಕೆಸರನ್ನು ಹಿಡಿದಿಟ್ಟು ಕಟ್ಟಿದ ಪದರ. ಇಂಥ ಜೀವಿಗಳೇ ಮುಂದೆ ಗಾಳಿಗೆ ಆಮ್ಲಜನಕ ತುಂಬಿದ್ದು. ಶಾರ್ಕಿಗೂ ನಮಗೂ ಉಸಿರು ಬಂದದ್ದು ಅವುಗಳಿಂದ.

ಇಷ್ಟು ಹಳೆಯ ಸಾಕ್ಷಿ ಒಡೆಯಲು ಒಂದು ಕ್ರಷರ್ ಸಾಕು. ಜಲ್ಲಿಯಾದ ಕಲ್ಲು ಏನನ್ನೂ ಹೇಳುವುದಿಲ್ಲ. ಎಲ್ಲಿಂದ ಬಂತೆಂದು ಗೊತ್ತಿಲ್ಲದ ಶಾರ್ಕ್ ಹಲ್ಲೂ ಅಷ್ಟೇ, ಶೋಕೇಸಿಗೆ ಮಾತ್ರ ಲಾಯಕ್ಕು. ಅದಕ್ಕೇ ಸೌತ್ ಕೆರೊಲಿನಾದಲ್ಲಿ ಹೀಗೆ ನೀರಿನಡಿ ಹುಡುಕಿ ಎತ್ತುವವರು ಲೈಸೆನ್ಸ್ ಪಡೆಯಬೇಕು, ಏನು ಎಲ್ಲಿ ಸಿಕ್ಕಿತೆಂದು ವರದಿ ಕೊಡಬೇಕು. ನಮ್ಮಲ್ಲೂ ಭೂಪರಂಪರೆಯ ತಾಣಗಳ ರಕ್ಷಣೆಗೆಂದು ಕೇಂದ್ರ ಗಣಿ ಸಚಿವಾಲಯ 2022ರಲ್ಲಿ ಒಂದು ಕರಡು ಮಸೂದೆ ಹೊರಡಿಸಿತು.

ಕಾನೂನಿಗೆ ಕಾಯದೆ ನಾವೂ ನೀವೂ ಮಾಡಬಹುದಾದ್ದು ಇದೆ. ಬಾವಿ, ಚಾನೆಲ್, ರಸ್ತೆ ಕೆಲಸದಲ್ಲಿ ಸುತ್ತುಸುತ್ತು ಪದರದ ಕಲ್ಲೋ ದಿಂಬಿನಾಕಾರದ ಕಲ್ಲೋ ಕಂಡರೆ ಕೀಳಬೇಡಿ, ಒಡೆಯಬೇಡಿ. ಅಳತೆಗೆ ಪಕ್ಕದಲ್ಲಿ ಒಂದು ಪೆನ್ನಿಟ್ಟು ಫೋಟೊ ತೆಗೆಯಿರಿ. ಲೊಕೇಶನ್ ಉಳಿಸಿಕೊಳ್ಳಿ. ಹತ್ತಿರದ ಕಾಲೇಜಿನ ಭೂವಿಜ್ಞಾನದ ಮೇಷ್ಟ್ರಿಗೋ ಗಣಿ ಮತ್ತು ಭೂವಿಜ್ಞಾನ ಇಲಾಖೆಗೋ ತೋರಿಸಿ. ಶಾರ್ಕ್ ಹಲ್ಲು ಹುಡುಕುವವರು ಸಿಲಿಂಡರ್ ಕಟ್ಟಿಕೊಂಡು ಕತ್ತಲೆಯ ನೀರಿಗೆ ಇಳಿಯಬೇಕು. ಅದಕ್ಕಿಂತ ಎಷ್ಟೋ ಹಳೆಯ ಸಮುದ್ರವನ್ನು ನಾವು ಚಪ್ಪಲಿ ಕಾಲಲ್ಲೇ ಹೋಗಿ ನೋಡಬಹುದು.