ಬಗ್ದಾದಿನ ಪರೀಕ್ಷೆ, ರಾಝಿಯ ಟಿಪ್ಪಣಿ

ಹಿಜರಿ 319, ಅಂದರೆ ಕ್ರಿ.ಶ. 931. ಬಗ್ದಾದಿನಲ್ಲಿ ವೈದ್ಯನೊಬ್ಬನ ತಪ್ಪಿನಿಂದ ರೋಗಿ ಸತ್ತ ಸುದ್ದಿ ಖಲೀಫ ಅಲ್ ಮುಕ್ತದಿರ್‌ಗೆ ತಲುಪಿತು. ಸಿನಾನ್ ಇಬ್ನ್ ಸಾಬಿತ್ ಪರೀಕ್ಷಿಸಿ ಅನುಮತಿ ನೀಡದ ಹೊರತು ಯಾರೂ ವೈದ್ಯವೃತ್ತಿ ನಡೆಸಕೂಡದೆಂದು ಆತ ಆಜ್ಞೆ ಹೊರಡಿಸಿದ. ಅರಿಯದೆ ಚಿಕಿತ್ಸೆ ಮಾಡಿದವನೇ ಹಾನಿಗೆ ಹೊಣೆ ಎಂಬ ಪ್ರವಾದಿ (ಸ)ರವರ ಬೋಧನೆ ಆಗಲೇ ಇತ್ತು. ಅದೀಗ ಆಡಳಿತದ ನಿಯಮವಾಯಿತು. ಹೆಸರಾಂತ ವೈದ್ಯರನ್ನೂ ಅರಮನೆಯ ವೈದ್ಯರನ್ನೂ ಬಿಟ್ಟು, ನದಿಯ ಎರಡೂ ದಡಗಳ 860ಕ್ಕೂ ಹೆಚ್ಚು ಮಂದಿ ಪರೀಕ್ಷೆಗೆ ಬಂದರು.

ಅವರಲ್ಲೊಬ್ಬ ಮುದುಕ ದೀನಾರುಗಳನ್ನು ಮುಂದಿಟ್ಟು, ತನಗೆ ಓದು ಬರಹ ಬಾರದು, ಸಂಸಾರ ಸಾಕಬೇಕು ಎಂದು ಬೇಡಿಕೊಂಡನಂತೆ. ಸಿನಾನ್ ನಕ್ಕು, ತಿಳಿಯದ ರೋಗಕ್ಕೆ ಕೈಹಾಕಬಾರದು, ಸಣ್ಣಪುಟ್ಟ ಕಾಯಿಲೆಗಲ್ಲದೆ ಭೇದಿ ಔಷಧ ಕೊಡಬಾರದು ಎಂಬ ಷರತ್ತು ಹಾಕಿ ಕಳಿಸಿದ. ಈ ಕಥೆ ಒಂದು ಸತ್ಯವನ್ನು ಹೇಳುತ್ತದೆ: ಪರೀಕ್ಷೆಯೊಂದೇ ಸಾಲದು. ಕೊಟ್ಟ ಔಷಧ ಏನು ಮಾಡಿತೆಂಬ ದಾಖಲೆಯೂ ಬೇಕು.

ಆ ಕೆಲಸವನ್ನು ಅದಕ್ಕೂ ಮೊದಲೇ ಅಬೂಬಕರ್ ಅಲ್ ರಾಝಿ ಮಾಡಿದ್ದ. ರಯ್ ಮತ್ತು ಬಗ್ದಾದಿನ ಆಸ್ಪತ್ರೆಗಳ ಮುಖ್ಯಸ್ಥನಾಗಿದ್ದ ಆತ ರೋಗಿಗಳ ಲಕ್ಷಣ, ಚಿಕಿತ್ಸೆ, ಪರಿಣಾಮಗಳನ್ನು ಬರೆದಿಟ್ಟ. ಮೆದುಳಿನ ಜ್ವರದ ಲಕ್ಷಣವಿದ್ದವರಲ್ಲಿ ಒಂದು ಗುಂಪಿಗೆ ರಕ್ತ ತೆಗೆಸಿ, ಇನ್ನೊಂದನ್ನು ಹಾಗೆಯೇ ಬಿಟ್ಟು ಹೋಲಿಸಿದ್ದಾಗಿ ಹೇಳಿದ್ದಾನೆ. ರಕ್ತ ತೆಗೆಯುವುದು ಒಳ್ಳೆಯದೆಂಬ ಅವನ ತೀರ್ಮಾನವನ್ನು ಇಂದು ಯಾರೂ ಒಪ್ಪರು. ಆದರೆ ಹೋಲಿಸಿ ನೋಡುವ ದಾರಿ ಸರಿಯಾಗಿತ್ತು. ಅವನ ಟಿಪ್ಪಣಿಗಳನ್ನು ಮರಣಾನಂತರ ಶಿಷ್ಯರು ‘ಅಲ್ ಹಾವೀ’ ಎಂಬ ಬೃಹತ್ ಗ್ರಂಥವಾಗಿಸಿದರು. 1279ರಲ್ಲಿ ಯಹೂದಿ ವಿದ್ವಾಂಸ ಫರಜ್ ಬೆನ್ ಸಾಲಿಂ ಅದನ್ನು ಲ್ಯಾಟಿನ್‌ಗೆ ತಂದ.

ದಾಖಲೆಯ ಬೆಲೆ ಆಧುನಿಕ ಜಗತ್ತಿಗೆ ಅರಿವಾಗಲು ದುರಂತವೇ ಬೇಕಾಯಿತು. ಗರ್ಭಿಣಿಯರು ಸೇವಿಸಿದ ಥಾಲಿಡೋಮೈಡ್‌ನಿಂದ ಸಾವಿರಾರು ಶಿಶುಗಳು ಅಂಗವೈಕಲ್ಯದೊಂದಿಗೆ ಹುಟ್ಟಿದ್ದು 1961ರಲ್ಲಿ ಬಯಲಾಯಿತು. 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಔಷಧಗಳ ದುಷ್ಪರಿಣಾಮದ ವರದಿಗಳನ್ನು ದೇಶ ದೇಶಗಳಿಂದ ಕೂಡಿಹಾಕತೊಡಗಿತು. ಭಾರತದ ಇಂದಿನ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾದದ್ದು 2010ರಲ್ಲಿ. ಈಗ ದೊಡ್ಡ ಆಸ್ಪತ್ರೆಗಳಲ್ಲಿ ರೋಗಿಗೆ ಒಗ್ಗದ ಔಷಧವನ್ನು ಬರೆದರೆ ಕಂಪ್ಯೂಟರ್ ಎಚ್ಚರಿಸುತ್ತದೆ. ಆದರೆ ಅದರಲ್ಲಿ ಯಾರಾದರೂ ಬರೆದಿಟ್ಟಿದ್ದರೆ ಮಾತ್ರ.

ವೈದ್ಯಕೀಯ, ಫಾರ್ಮಸಿ, ನರ್ಸಿಂಗ್ ಓದುತ್ತಿರುವ ನಮ್ಮ ಮಕ್ಕಳು ರಾಝಿಯ ಹೆಸರು ಹೇಳಿ ಹೆಮ್ಮೆಪಟ್ಟರಷ್ಟೇ ಸಾಲದು. ಅವನಂತೆ ಬರೆದಿಡಬೇಕು, ತಪ್ಪಾದರೆ ಮುಚ್ಚಿಡದೆ ವರದಿ ಮಾಡಬೇಕು. ಉಳಿದವರು ಮನೆಯ ಹಿರಿಯರ ಹಳೆಯ ಚೀಟಿಗಳನ್ನು ಜೋಪಾನ ಮಾಡಿ, ವೈದ್ಯರ ಬಳಿಗೆ ಹೋಗುವಾಗ ಜೊತೆಗೆ ಒಯ್ಯಲಿ. ಒಂದು ಜೀವ ಉಳಿಯಲು ಕೆಲವೊಮ್ಮೆ ಅಷ್ಟೇ ಸಾಕು.