ಕಲಿಸಲು ಬಂದವರಿಗೆ ಹೊಲವೇ ಮೇಷ್ಟ್ರಾಯಿತು

ನಮ್ಮ ಮಾತಿನಲ್ಲಿ ತಿಪ್ಪೆಗೆ ಮರ್ಯಾದೆ ಕಡಿಮೆ. ತಪ್ಪು ಮುಚ್ಚಿಹಾಕುವುದಕ್ಕೆ ‘ತಿಪ್ಪೆ ಸಾರಿಸುವುದು’ ಅನ್ನುತ್ತೇವೆ. ಕೆಲಸಕ್ಕೆ ಬಾರದ್ದನ್ನು ‘ತಿಪ್ಪೆಗೆ ಎಸಿ’ ಅನ್ನುತ್ತೇವೆ. ಆದರೆ ಸುಮಾರು ನೂರು ವರ್ಷದ ಹಿಂದೆ ಇಂಗ್ಲೆಂಡಿನ ಒಬ್ಬ ವಿಜ್ಞಾನಿ ನಮ್ಮ ದೇಶದ ಬಿಸಿಲು ಮಳೆಯಲ್ಲಿ 26 ವರ್ಷ ಕಳೆದು, ಕೊನೆಗೆ ತಿಪ್ಪೆಯ ಗುಣವನ್ನೇ ಜಗತ್ತಿಗೆ ಸಾರಿ ಹೇಳಿದರು. ಅವರ ಹೆಸರು ಆಲ್ಬರ್ಟ್ ಹೋವರ್ಡ್.

ಹೋವರ್ಡ್ ಹುಟ್ಟಿದ್ದು 1873ರಲ್ಲಿ, ಒಂದು ರೈತ ಕುಟುಂಬದಲ್ಲಿ. ಕೇಂಬ್ರಿಡ್ಜ್‌ನಲ್ಲಿ ಓದಿ, 1899ರಲ್ಲಿ ವೆಸ್ಟ್ ಇಂಡೀಸ್‌ನ ಬಾರ್ಬಡೋಸ್ ದ್ವೀಪಕ್ಕೆ ಕೆಲಸಕ್ಕೆ ಹೋದರು. ಕಬ್ಬಿಗೆ ಬರುವ ಶಿಲೀಂಧ್ರ ರೋಗಗಳನ್ನು ಪರೀಕ್ಷಿಸುವುದು ಅಲ್ಲಿನ ಕೆಲಸಗಳಲ್ಲೊಂದು. ಸೂಕ್ಷ್ಮದರ್ಶಕ ಇತ್ತು, ಪುಸ್ತಕಗಳಿದ್ದವು. ಇಲ್ಲದೇ ಇದ್ದದ್ದು ಒಂದೇ, ಹೊಲ. ತಾನು ಹೇಳುವ ಸಲಹೆಯನ್ನು ತಾನೇ ಮಾಡಿ ನೋಡಲು ಒಂದು ತುಂಡು ಭೂಮಿಯೂ ಇಲ್ಲದೆ ರೈತರಿಗೆ ಬುದ್ಧಿ ಹೇಳುವುದು ಹೇಗೆ ಎಂಬ ಪ್ರಶ್ನೆ ಅವರನ್ನು ಅಲ್ಲೇ ಕಾಡತೊಡಗಿತು.

1905ರಲ್ಲಿ ಅವರು ಬಿಹಾರದ ಪೂಸಾಕ್ಕೆ ಬಂದರು. ಬ್ರಿಟಿಷ್ ಸರ್ಕಾರ ಅಲ್ಲಿ ಕೃಷಿ ಸಂಶೋಧನಾ ಸಂಸ್ಥೆ ಕಟ್ಟುತ್ತಿತ್ತು. ಸಸ್ಯವಿಜ್ಞಾನಿಯಾಗಿದ್ದ ಅವರ ಹೆಂಡತಿ ಗೇಬ್ರಿಯಲ್ ಕೂಡ ಜೊತೆಗೇ ದುಡಿದರು. ಈ ಸಲ ಹೋವರ್ಡ್ ಹಟ ಹಿಡಿದು ಭೂಮಿ ಕೇಳಿದರು. 75 ಎಕರೆ ಸಿಕ್ಕಿತು.

ಬಂದದ್ದು ಕಲಿಸಲಿಕ್ಕೆ. ಆದರೆ ಸುತ್ತಲಿನ ಊರುಗಳ ಹೊಲ ನೋಡಿ ಅವರಿಗೆ ಆಶ್ಚರ್ಯವಾಯಿತು. ಅಲ್ಲಿನ ರೈತರು ಕೀಟಕ್ಕೆ ಔಷಧಿ ಹೊಡೆಯುತ್ತಿರಲಿಲ್ಲ, ಆದರೂ ಬೆಳೆಗೆ ಹುಳದ ಕಾಟ ಕಡಿಮೆ ಇತ್ತು. ಆಗ ಅವರು ಒಂದು ತೀರ್ಮಾನ ಮಾಡಿದರು. ಈ ರೈತರು ಮಾಡುವುದನ್ನು ಕೂತು ನೋಡುವುದು, ಅವರಿಂದಲೇ ಕಲಿಯುವುದು. ರೈತರು ಮತ್ತು ಕೀಟಗಳು, ಇಬ್ಬರೂ ತನ್ನ ಪ್ರಾಧ್ಯಾಪಕರು ಎಂದು ಅವರು ಮುಂದೆ ಬರೆದುಕೊಂಡರು.

ರೈತ ಗುರು ಎಂದರೆ ಒಪ್ಪಬಹುದು. ಹುಳ ಹೇಗೆ ಗುರುವಾಗುತ್ತದೆ? ಹೋವರ್ಡ್ ಲೆಕ್ಕ ಸರಳ. ಬೆಳೆಗೆ ಹುಳ ಬಿತ್ತು ಎಂದರೆ ಅದು ದೂರು ಹೇಳುತ್ತಿದೆ. ತಳಿ ಆ ಮಣ್ಣಿಗೆ ಒಗ್ಗದೇ ಇರಬಹುದು, ನೀರು ನಿಂತಿರಬಹುದು, ಮಣ್ಣಿನಲ್ಲಿ ಸಾರ ಹೋಗಿರಬಹುದು. ಹುಳ ಸಾಯಿಸಿದರೆ ದೂರು ಹೇಳುವವನ ಬಾಯಿ ಮುಚ್ಚಿಸಿದಂತಾಯಿತೇ ಹೊರತು ತೊಂದರೆ ಹೋಗಲಿಲ್ಲ.

ಎರಡನೆಯ ಪಾಠ ಬೇರಿನದು. ಹಣ್ಣಿನ ಗಿಡಗಳ ಬುಡದಲ್ಲಿ ಹುಲ್ಲು ಬೆಳೆಯಲು ಬಿಟ್ಟಾಗ ಗಿಡಗಳು ಸೊರಗಿದವು. ಅವರು ಮೇಲಿನಿಂದ ನೋಡಿ ಸುಮ್ಮನಾಗಲಿಲ್ಲ, ಬುಡ ಅಗೆದು ನೋಡಿದರು. ಮಳೆಗಾಲದಲ್ಲಿ ಮೇಲುಮಣ್ಣಿನ ಬೇರುಗಳು ದುಡಿಯುತ್ತವೆ, ಬೇಸಿಗೆಯಲ್ಲಿ ಆಳದ ಬೇರುಗಳು. ಎರಡಕ್ಕೂ ನೀರಿನಷ್ಟೇ ಗಾಳಿಯೂ ಬೇಕು. ಜೋಳದ ಜೊತೆ ತೊಗರಿ ಬಿತ್ತುವ ನಮ್ಮವರ ಪದ್ಧತಿಯಲ್ಲಿ ಎಷ್ಟು ವಿವೇಕ ಇದೆ ಎಂಬುದು ಅವರಿಗೆ ಹೊಳೆದದ್ದೂ ಹೀಗೆ ನೋಡುತ್ತಲೇ. ತೊಗರಿಯ ಬೇರು ಆಳಕ್ಕೆ ಇಳಿದು ಗಟ್ಟಿ ಮಣ್ಣನ್ನು ಸಡಿಲ ಮಾಡುತ್ತದೆ.

ಮೂರನೆಯ ಪಾಠ ಎತ್ತುಗಳದ್ದು. ಪೂಸಾದಲ್ಲಿ ಅವರು ಆರು ಜೊತೆ ಎತ್ತು ಇಟ್ಟುಕೊಂಡಿದ್ದರು. ತನ್ನ ಹೊಲದ ಮೇವು ತಿಂದ ಎತ್ತುಗಳು ಬೇಲಿಯಾಚೆ ಕಾಲುಬಾಯಿ ಜ್ವರ ಬಂದ ದನಗಳಿಗೆ ಮೂತಿ ತಾಗಿಸಿದರೂ ರೋಗ ಹಿಡಿಯಲಿಲ್ಲ ಎಂದು ಬರೆದಿದ್ದಾರೆ. ಒಳ್ಳೆಯ ಮಣ್ಣು, ಒಳ್ಳೆಯ ಮೇವು, ಗಟ್ಟಿ ದನ, ಈ ಸರಪಳಿ ಅವರ ತಲೆಯಲ್ಲಿ ಕೂತದ್ದು ಆಗ. (ಹಾಗಂತ ಲಸಿಕೆ ಹಾಕಿಸುವುದು ಬಿಡಬೇಡಿ. ಅದು ಒಬ್ಬರ ಕೊಟ್ಟಿಗೆಯ ಅನುಭವ, ಎಲ್ಲ ಕೊಟ್ಟಿಗೆಗೂ ಖಾತ್ರಿಯಲ್ಲ.)

1924ರಲ್ಲಿ ದಂಪತಿ ಇಂದೋರ್‌ಗೆ ಬಂದರು. ಅಲ್ಲಿ ಕಂಡದ್ದು ನಮಗೂ ಗೊತ್ತಿರುವ ಚಿತ್ರ. ಸಗಣಿ ಬೆರಣಿಯಾಗಿ ಒಲೆ ಸೇರುತ್ತದೆ. ಗಂಜಲ ನೆಲಕ್ಕೆ ಇಂಗಿ ಹಾಳಾಗುತ್ತದೆ. ಹತ್ತಿಕಟ್ಟಿಗೆ ಉರಿದು ಬೂದಿಯಾಗುತ್ತದೆ. ಕಾಡಿನಲ್ಲಿ ಮಾತ್ರ ಯಾರೂ ಗೊಬ್ಬರ ಹಾಕುವುದಿಲ್ಲ, ಆದರೂ ಮಣ್ಣು ಬಡವಾಗುವುದಿಲ್ಲ. ಬಿದ್ದ ಎಲೆಯ ಜೊತೆ ಪ್ರಾಣಿಗಳ ಹಿಕ್ಕೆ ಸೇರಿ ಕೊಳೆತು ಮತ್ತೆ ಮಣ್ಣಾಗುತ್ತದೆ. ಅದನ್ನೇ ಗುಂಡಿಯಲ್ಲಿ ಬೇಗ ಮಾಡಿಸಲು ಆಗದೇ? ಚೀನಾದ ರೈತರು ಕಸವನ್ನು ಗೊಬ್ಬರ ಮಾಡುವ ಬಗೆಯನ್ನೂ ಅವರು ಓದಿಕೊಂಡಿದ್ದರು.

ಹೀಗೆ ಹುಟ್ಟಿದ್ದು ‘ಇಂದೋರ್ ಪದ್ಧತಿ’. ಎರಡು ಮೂರು ಅಡಿ ಆಳದ ಗುಂಡಿ. ಕೆಳಗೆ ಸೊಪ್ಪು, ಕಳೆ, ಹುಲ್ಲು. ಅದರ ಮೇಲೆ ಸಗಣಿ, ಗಂಜಲ ನೆನೆದ ಮಣ್ಣು, ಸ್ವಲ್ಪ ಬೂದಿ. ಮತ್ತೆ ಸೊಪ್ಪು. ಸಗಣಿ ಒಂದು ಪಾಲಾದರೆ ಸೊಪ್ಪುಕಸ ಮೂರು ಪಾಲು. ಹತ್ತಿಕಟ್ಟಿಗೆಯಂಥ ಗಟ್ಟಿ ಕಸವನ್ನು ಗಾಡಿಚಕ್ರದ ಕೆಳಗೆ ಪುಡಿಯಾಗಲು ಬಿಟ್ಟು, ದನದ ಕಾಲಡಿ ಹಾಸಿ, ಆಮೇಲೆ ಗುಂಡಿಗೆ ಹಾಕುತ್ತಿದ್ದರು. ಪಸೆ ಆರದಂತೆ ನೀರು ಚಿಮುಕಿಸಿ, ಗಾಳಿಯಾಡಲೆಂದು ಮೂರು ಸಲ ತಿರುವಿ ಹಾಕಿದರೆ ಸುಮಾರು ಮೂರು ತಿಂಗಳಿಗೆ ಗೊಬ್ಬರ ಸಿದ್ಧ. ಗೇಬ್ರಿಯಲ್ 1930ರಲ್ಲಿ ತೀರಿಕೊಂಡರು. ಮರುವರ್ಷ ಹೋವರ್ಡ್ ಮತ್ತು ಅವರ ಸಹೋದ್ಯೋಗಿ ಯಶವಂತ ವಾಡ್ ಈ ಪದ್ಧತಿಯನ್ನು ಪುಸ್ತಕವಾಗಿ ತಂದರು.

ನಮ್ಮ ರಾಜ್ಯಕ್ಕೂ ಇದರಲ್ಲಿ ಪಾಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ ಅವರು 1939ರಲ್ಲಿ ಇನ್ನೊಂದು ದಾರಿ ತೋರಿಸಿದರು. ಗುಂಡಿ ತುಂಬಿ, ಮೇಲೆ ಮಣ್ಣು ಮೆತ್ತಿ ಮುಚ್ಚಿ, ತಿರುವಿ ಹಾಕದೆ ಬಿಡುವುದು. ಸಮಯ ಹೆಚ್ಚು ಬೇಕು, ಆಳು ಕಡಿಮೆ ಸಾಕು. ಇಂದಿಗೂ ಕೃಷಿ ಪಠ್ಯಗಳಲ್ಲಿ ಅದಕ್ಕೆ ‘ಬೆಂಗಳೂರು ಪದ್ಧತಿ’ ಎಂದೇ ಹೆಸರು.

ಹೋವರ್ಡ್ ಹೇಳಿದ್ದೆಲ್ಲ ವೇದವಾಕ್ಯವಲ್ಲ. ಮಣ್ಣು ಚೆನ್ನಾಗಿದ್ದರೆ ರೋಗವೇ ಬಾರದು ಎಂಬಷ್ಟು ದೂರ ಅವರು ಹೋದರು. ಮಲೆನಾಡಿನ ಅಡಿಕೆಯವರನ್ನು ಕೇಳಿ. ಸೊಪ್ಪು, ಗೊಬ್ಬರ ಎಷ್ಟೇ ಹಾಕಿದ ತೋಟವಾದರೂ ಜಡಿಮಳೆ ಹಿಡಿದರೆ ಕೊಳೆರೋಗ ಬರುತ್ತದೆ. ಅದೇ ಕಾಲದಲ್ಲಿ, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಆ ರೋಗಕ್ಕೆ ಬೋರ್ಡೋ ದ್ರಾವಣದ ಪರಿಹಾರ ತೋರಿಸಿದರು. ಇಂದಿಗೂ ಮಳೆಗಾಲಕ್ಕೆ ಮುಂಚೆ ಮೈಲುತುತ್ತ, ಸುಣ್ಣ ಹುಡುಕುತ್ತೇವಲ್ಲ, ಅದರ ಮೂಲ ಅಲ್ಲಿದೆ. ಅವರೂ ತೋಟಕ್ಕೆ ಬಂದು ನೋಡಿಯೇ ಕಲಿತವರು.

ನಾನು ಚಿಕ್ಕವಳಿದ್ದಾಗ ನಮ್ಮ ಹಿತ್ತಲಿನ ತಿಪ್ಪೆಗುಂಡಿ ನನ್ನ ಎತ್ತರಕ್ಕಿಂತ ಆಳ ಅನ್ನಿಸುತ್ತಿತ್ತು. ಅಜ್ಜಿ ದಿನಾ ಬೆಳಿಗ್ಗೆ ಕೊಟ್ಟಿಗೆ ಕಸ ಹೊತ್ತು ಹಾಕುತ್ತಿದ್ದಳು. ಈಗ ಉಳಿದಿರುವುದು ಒಂದೇ ಹಸು. ಗುಂಡಿ ಮುಚ್ಚಿ ಅಲ್ಲಿ ಬೈಕ್ ನಿಲ್ಲಿಸುತ್ತೇವೆ. ಕೊಯ್ಲು ಮುಗಿದ ಮೇಲೆ ಕಸಕ್ಕೆ ಬೆಂಕಿ, ಮುಂಗಾರಿಗೆ ಸಾಲ ಮಾಡಿ ಗೊಬ್ಬರದ ಮೂಟೆ. ಅಜ್ಜಿ ದಿನಾ ಮಾಡುತ್ತಿದ್ದುದನ್ನು ನಾನು ಹೋವರ್ಡ್ ಪುಸ್ತಕದಿಂದ ತಿಳಿಯಬೇಕಾಯಿತು. ಕೇಳಲು ಈಗ ಅಜ್ಜಿ ಇಲ್ಲ.

ಇಂಗ್ಲೆಂಡಿನಿಂದ ಬಂದವರಿಗೆ ನಮ್ಮ ಹಿರಿಯರನ್ನು ಗುರುಗಳೆಂದು ಒಪ್ಪಿಕೊಳ್ಳಲು ಸಂಕೋಚ ಆಗಲಿಲ್ಲ. ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ ಇವತ್ತೇ ಕೇಳಿ, ಗುಂಡಿಗೆ ಏನೇನು ಹಾಕುತ್ತಿದ್ದಿರಿ, ಯಾವಾಗ ತೆಗೆಯುತ್ತಿದ್ದಿರಿ ಎಂದು. ದನ ಒಂದೇ ಇದ್ದರೂ ಸಣ್ಣ ಗುಂಡಿ ತೋಡಬಹುದು. ಸೊಪ್ಪು, ಸಗಣಿ ಹಾಕಿದ ಕೆಲವು ದಿನಕ್ಕೆ ಒಂದು ಕೋಲು ಚುಚ್ಚಿ ಹೊರತೆಗೆದು ಮುಟ್ಟಿ ನೋಡಿ. ಕೋಲು ಬಿಸಿಯಾಗಿದ್ದರೆ ಕೆಲಸ ಶುರುವಾಗಿದೆ ಎಂದರ್ಥ.