ಬಳ್ಳಾರಿಯ ಸಂಸದ ಡಾ. ವಿ.ಕೆ.ಆರ್.ವಿ. ರಾವ್ (1908–1991)

ಬಳ್ಳಾರಿಯ ಜನ 1967 ಮತ್ತು 1971ರಲ್ಲಿ ಲೋಕಸಭೆಗೆ ಆರಿಸಿ ಕಳಿಸಿದ್ದು ಒಬ್ಬ ಅರ್ಥಶಾಸ್ತ್ರಜ್ಞನನ್ನು. ಅಂಥ ಆಯ್ಕೆ ಇಂದಿಗೂ ಅಪರೂಪವೇ.

ಕಾಂಚೀಪುರದಲ್ಲಿ ಹುಟ್ಟಿದ ವಿಜಯೇಂದ್ರ ಕಸ್ತೂರಿ ರಂಗ ವರದರಾಜ ರಾವ್, ಅರ್ಥಶಾಸ್ತ್ರಜ್ಞ ಕೇನ್ಸ್ ಪಾಠ ಹೇಳುತ್ತಿದ್ದ ಕೇಂಬ್ರಿಜ್‌ನಲ್ಲಿ ಓದಿದರು. ಅಲ್ಲಿ ಅವರು ಕೈಗೆತ್ತಿಕೊಂಡ ಪ್ರಶ್ನೆ ನೇರವಾದದ್ದು: ಬ್ರಿಟಿಷ್ ಆಳ್ವಿಕೆಯ ಭಾರತದಲ್ಲಿ ಒಬ್ಬನ ಆದಾಯ ಎಷ್ಟು? ಹೊಲದ ಬೆಳೆಗೆ ಉತ್ಪನ್ನದ ಲೆಕ್ಕ, ವೃತ್ತಿ ವ್ಯಾಪಾರಗಳಿಗೆ ಗಳಿಕೆಯ ಲೆಕ್ಕ. ಎರಡನ್ನೂ ಕೂಡಿಸಿ ಅವರು ಕಂಡುಕೊಂಡ ಉತ್ತರ, 1931–32ರಲ್ಲಿ ತಲೆಗೆ ವರ್ಷಕ್ಕೆ ಸುಮಾರು 62 ರೂಪಾಯಿ. ವಸಾಹತು ಆಡಳಿತದ ಕಾಲದ ಬಡತನವನ್ನು ಇಷ್ಟು ಖಚಿತವಾಗಿ ಅಳೆದವರು ಕಡಿಮೆ.

1949ರಲ್ಲಿ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಕಟ್ಟಿದರು. ಸಂಸದರಾದ ಮೇಲೆ ಕೇಂದ್ರದಲ್ಲಿ ಸಾರಿಗೆ ಮತ್ತು ಹಡಗು, ಬಳಿಕ ಶಿಕ್ಷಣ ಖಾತೆ. ಗಾಂಧಿ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆ (ಎನ್ನೆಸ್ಸೆಸ್) ಆರಂಭಿಸಿದವರು ಇವರೇ. ಹಳ್ಳಿಯ ಶಿಬಿರದಲ್ಲಿ ಸಲಿಕೆ ಹಿಡಿದು ಚರಂಡಿ ತೆಗೆದ, ಗಿಡ ನೆಟ್ಟ ವಿದ್ಯಾರ್ಥಿಗಳೆಲ್ಲ ಈ ಹೆಸರನ್ನು ನೆನೆಯಬೇಕು.

1972ರಲ್ಲಿ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ ಇಂದಿಗೂ ನಾಗರಬಾವಿಯಲ್ಲಿ ಕೆಲಸ ಮಾಡುತ್ತಿದೆ.